ಸುರಪುರದ ಗುಡ್ಡದ ಮೇಲಿನ ಮನೆ
(ಮೆಡೋಸ್ ಟೇಲರ್ ಸಾಹೇಬರ ಜೀವನವೃತ್ತಾಂತ)

ಹಸುರು ಹುಲ್ಲಿನ ಬಯಲು, ಅದರ ಅಂಚಿಗೆ ಹುಲ್ಲು ಹೊದಿಸಿದ ಚಿಕ್ಕ ಚಿಕ್ಕ ಮನೆಗಳು, ಗೋಡೆಯ ಮೇಲೆ ಹಬ್ಬಿದ ಗುಲಾಬಿಯ ಬಳ್ಳಿ, ಊರ ನಡುವೆ ಹರಿಯುವ ತೊರೆ, ಅದರ ಮೇಲೊಂದು ಕಲ್ಲಿನ ಸೇತುವೆ, ದೇವಾಲಯದ ಗೋಪುರದಿಂದ ಕೇಳಿಬರುವ ಗಂಟೆಯ ನಾದ. ಇಂಗ್ಲೆಂಡಿನ ಹಳ್ಳಿಯೆಂದರೆ ನಮ್ಮ ವಿದ್ಯಾರ್ಥಿನಿಯರ ಮನಸ್ಸಿನಲ್ಲಿ ಮೂಡುವ ಚಿತ್ರವು ಇಂಥದು. ಪಾಠಪುಸ್ತಕಗಳೂ ಚಿತ್ರಪಟಗಳೂ ಈ ಚಿತ್ರವನ್ನು ನಮಗೆ ಕೊಟ್ಟಿವೆ. ಇಂಗ್ಲೀಷ ಓದುಗರಿಗೆ ಅದನ್ನು ಪ್ರಿಯವಾಗಿ ಮಾಡಿದವರಲ್ಲಿ ಮೇರಿ ರಸ್ಸೆಲ್ ಮಿಟ್‌ಫರ್ಡ್ ಎಂಬ ಮಹಿಳೆಯು ಮುಖ್ಯಳು. ತಂದೆಯು ಐಶ್ವರ್ಯವನ್ನೆಲ್ಲಾ ಹಾಳುಮಾಡಿದ ಮೇಲೆ ಆಕೆಯು ರೆಡಿಂಗ್ ಪಟ್ಟಣದ ಸಮೀಪದಲ್ಲಿರುವ ತ್ರೀ ಮೈಲ್ ಕ್ರಾಸ್ ಎಂಬ ಹಳ್ಳಿಯಲ್ಲಿ ಒಂದು ಚಿಕ್ಕ ಮನೆಯಲ್ಲಿದ್ದುಕೊಂಡು, ತನ್ನ ನೆರೆಹೊರೆಯವರ ದಿನದಿನದ ಬಾಳನ್ನು ಬರೆದು, ಆ ಬರಹದ ಸಂಪಾದನೆಯಿಂದ ಮನೆ ನಡಿಸಿದಳು. ಆ ಬರಹಗಳ ಮೊದಲನೆಯ ಸಂಪುಟವು 1824ರಲ್ಲಿ ಅಚ್ಚಾಯಿತು.

ಅದೇ 1824ರಲ್ಲಿ ಇನ್ನೊಬ್ಬ ತಂದೆಯ ವ್ಯಾಪಾರ ಮುರಿದುದರಿಂದ ಲಿವರ್‌ಪೂಲಿನ ಹದಿನೈದು ವರ್ಷದ ಹುಡುಗನೊಬ್ಬನು ಹಡಗು ಹತ್ತಿ ಹಿಂದುಸ್ಥಾನದ ಕಡೆಗೆ ಹೊರಟನು. ಆ ಹುಡುಗನ ತಾಯಿಯೂ ಮಿಟ್‌ಫರ್ಡ್ ಎಂಬ ಮನೆತನದವಳೇ; ಆದರೆ ಹೆಸರಿನ ಸಾಮ್ಯದಿಂದ ನಾವು ಇಲ್ಲಿ ಬಂಧುತ್ವವನ್ನು ಕಲ್ಪಿಸಬೇಕಾಗಿಲ್ಲ. ಈ ಹುಡುಗನಿಗೆ ವಿಧಿಯು ಕೊಟ್ಟ ಹಳ್ಳಿಯು ಬೇರೆಯಾಗಿತ್ತು. ಅದು ಕೃಷ್ಣೆ ಭೀಮೆಗಳ ನಡುವಿನ ಕರಿಮಣ್ಣಿನ ಸೀಮೆ. ಬಂಡೆಗಲ್ಲುಗಳ ಗುಡ್ಡದ ಮೇಲೆ ಕುಳಿತ ಸುರಪುರ. ಆತನೇ ಮುಂದೆ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಎಂದು ಹೆಸರಾದವನು. ಯಾದಗಿರಿ, ಶಹಾಪುರ, ಸುರಪುರಗಳ ಜನರು ಟೇಲರ್ ಸಾಹೇಬರೆಂದು ಈಗಲೂ ಸ್ಮರಿಸುವ ಈ ಪುರುಷರ ಬಾಳನ್ನು ಸಂಗ್ರಹವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಟೇಲರರು 1808ನೆಯ ಸಪ್ಟಂಬರ 25ರಂದು ಲಿವರ್‌ಪೂಲಿನಲ್ಲಿ ಹುಟ್ಟಿದರು. ತಂದೆಯು ಅಲ್ಲಿಯ ವರ್ತಕನು. ಮನೆಯಲ್ಲಿ ಸುಖವಿದ್ದ ಕಾಲ ಬಹಳ ದಿವಸ ನಿಲ್ಲಲಿಲ್ಲ. ಬಾಲಕನು ಶಾಲೆಯ ಓದನ್ನು ಅರ್ಧಕ್ಕೆ ಬಿಟ್ಟು ಒಂದು ವ್ಯಾಪಾರದ ಕೋಠಿಯಲ್ಲಿ ಗುಮಾಸ್ತೆಯಾಗಿ ದುಡಿಯಬೇಕಾಯಿತು. ಅಷ್ಟರಲ್ಲಿ ಮುಂಬಯಿಯ ಬ್ಯಾಕ್ಸ್ಟರ್ ಎಂಬ ವರ್ತಕನು ಈ ಹುಡುಗನನ್ನು ತನ್ನ ಅಂಗಡಿಗೆ ಕಳುಹಿಸಿದರೆ ಪ್ರಾಪ್ತವಯಸ್ಕನಾದ ಮೇಲೆ ಪಾಲುಗಾರನನ್ನಾಗಿ ಮಾಡಿಕೊಳ್ಳುವೆನೆಂದು ಆಶೆ ತೋರಿಸಿದನು. ತಂದೆತಾಯಿಗಳು ನಂಬಿ ಕಳುಹಿಸಿದರು. ಆದರೆ ಮುಂಬಯಿಗೆ ಬಂದು ನೋಡಿದರೆ ಆ ಅಂಗಡಿಯೇ ಸಾಲದಲ್ಲಿ ಮುಳುಗಿತ್ತು. ಗುರುತು ಪರಿಚಯವಿಲ್ಲದ ದೇಶದಲ್ಲಿ ಹದಿನಾರು ವರ್ಷದ ಹುಡುಗನ ಗತಿಯೇನಾಗಬೇಕು! ಪುಣ್ಯಕ್ಕೆ ತಾಯಿಯ ಕಡೆಯ ಬಂಧುವೊಬ್ಬರು ಮುಂಬಯಿ ಸರಕಾರದಲ್ಲಿ ದೊಡ್ಡ ಅಧಿಕಾರದಲ್ಲಿದ್ದರು. ಅವರ ಪ್ರಯತ್ನದಿಂದ ಅದೇ ವರ್ಷದ ಕೊನೆಯಲ್ಲಿ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಚಿಕ್ಕ ಅಧಿಕಾರಿಯ ಕೆಲಸ ದೊರಕಿತು. ಟೇಲರರು ಔರಂಗಾಬಾದಿನ ದಾರಿ ಹಿಡಿದರು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಟೇಲರರು ಈಸ್ಟ್ ಇಂಡಿಯಾ ಕಂಪೆನಿಯ ಕರಾರುಬದ್ಧ ನೌಕರರಲ್ಲ, ನಿಜಾಮರ ಚಾಕರಿಯವರು. ಆದಕಾರಣ ಕಂಪೆನಿಯ ಅಧಿಕಾರಿಗಳಿಗೆ ತಾವಾಗಿಯೇ ದೊರೆಯುತ್ತಿದ್ದ ಬಡತಿಯೂ ಗೌರವವೂ ಇವರಿಗೆ ದೊರೆಯಲಿಲ್ಲ. ದೊಡ್ಡ ಮನೆತನದ ಬೆಂಬಲವೂ ಇರಲಿಲ್ಲ, ಕಾಲೇಜಿನ ವಿದ್ಯೆಯೂ ಇರಲಿಲ್ಲ. ಇದ್ದುದು ಕಲಿಯುವ ಹಂಬಲವೊಂದೇ. ಹಿಂದುಸ್ಥಾನಿ, ಫಾರಸಿ, ಮರಾಠಿ ಭಾಷೆಗಳನ್ನು ಕಲಿತರು. ಭೂಮಾಪನವನ್ನೂ ಕಾನೂನನ್ನೂ ಕಟ್ಟಡದ ಕೆಲಸವನ್ನೂ ಪುಸ್ತಕಗಳಿಂದಲೂ ಅನುಭವದಿಂದಲೂ ಸ್ವತಃ ಅಭ್ಯಾಸಮಾಡಿದರು. ಚಿತ್ರ ಬರೆಯುವ ಕೈ ಹುಟ್ಟಿನಿಂದಲೇ ಬಂದಿತ್ತು. ಇನ್ನೂ ಇಪ್ಪತ್ತು ತುಂಬುವ ಮೊದಲೇ ನಿಜಾಮರ ಸೀಮೆಯ ನೈಋತ್ಯ ಭಾಗದಲ್ಲಿ ಪೋಲೀಸು ಅಧಿಕಾರವು ಇವರ ಪಾಲಿಗೆ ಬಂದಿತು. ಹಳ್ಳಿಯಿಂದ ಹಳ್ಳಿಗೆ ಕುದುರೆಯ ಮೇಲೆ ತಿರುಗಿ, ಗೌಡ ಕುಲಕರ್ಣಿಗಳೊಡನೆಯೂ ಬಣಜಿಗರೊಡನೆಯೂ ಒಕ್ಕಲಿಗರೊಡನೆಯೂ ದುಭಾಷಿಯ ಸಹಾಯವಿಲ್ಲದೆ ಮಾತನಾಡಿ ಈ ನಾಡನ್ನು ತಿಳಿದುಕೊಂಡರು. ನಮ್ಮ ದೇಶಕ್ಕೆ ಬಂದ ಬಹು ಮಂದಿ ದೊರೆಗಳು ಈ ಕಷ್ಟವನ್ನು ತೆಗೆದುಕೊಳ್ಳಲೇ ಇಲ್ಲ.

ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳಾದ ಮೇರಿಯನ್ನು ಟೇಲರರು ಮದುವೆಯಾದರು. ಪಾಮರನ ತಾಯಿಯು ಹಿಂದುಸ್ಥಾನದ ಮುಸಲ್ಮಾನ ಮನೆತನದವಳು. ಹೀಗೆ ಟೇಲರರ ಮನೆಯಲ್ಲಿ ಎರಡು ದೇಶಗಳ ರಕ್ತವೂ ರೂಢಿಯೂ ಕೂಡಿದವು.

1838ರಲ್ಲಿ ಪ್ರಕೃತಿ ಕೆಟ್ಟುದರಿಂದ ರಜೆ ಪಡೆದು ಇಂಗ್ಲೆಂಡಿಗೆ ಹೋದಾಗ, ದಾರಿಗಳ್ಳರಾದ ಠಗ್ಗರನ್ನು ಕುರಿತು ಬರೆದ ಕಾದಂಬರಿಯನ್ನು 1839ರಲ್ಲಿ ಪ್ರಕಟಿಸಿದರು. ವಿಕ್ಟೋರಿಯಾ ರಾಣಿಯವರೂ ಅದನ್ನು ಆತುರದಿಂದ ಓದಿದರಂತೆ. ಲೇಖಕನ ಹೆಸರು ಒಂದೇ ಸಾರಿಗೆ ಊರೆಲ್ಲಾ ಹರಡಿತು. ಠಗ್ಗರ ವಿಷಯದಲ್ಲಿ ಆಗಿನ ಅಧಿಕಾರಿಗಳು ಬರೆದಿಟ್ಟುದೆಲ್ಲವೂ ನಿಜವಲ್ಲವೆಂದು ಈಚಿನ ಇತಿಹಾಸಕಾರರು ವಾದಿಸುತ್ತಾರೆ; ಆ ಚರ್ಚೆ ಇಲ್ಲಿ ಬೇಡ. ಮರುವರ್ಷ ಟೀಪು ಸುಲ್ತಾನನನ್ನು ಕುರಿತ ಕಾದಂಬರಿಯೂ ಹೊರಬಂದಿತು. ಲಂಡನಿನಲ್ಲಿಯೇ ನಿಂತು ಬರೆದುಕೊಂಡಿರಬಹುದಾಗಿತ್ತು. ಆದರೆ ಚಾಕರಿಯ ಕರೆಗೆ ಓಗೊಟ್ಟು ತಿರುಗಿ ಬಂದರು. 1840ರಿಂದ 1853ರ ವರೆಗೆ ಲಂಡನಿನ ಟೈಮ್ಸ್ ಪತ್ರಿಕೆಗೆ ಈ ದೇಶದಿಂದ ವರ್ತಮಾನ ಬರೆದು ಕಳುಹಿಸುತ್ತಿದ್ದವರೂ ಇವರೇ.

ಇನ್ನು ಸುರಪುರದ ಸಂಗತಿಗೆ ಬರೋಣ.

ಕಡೇಚೂರಿನಿಂದ ಪಡುವಣಕ್ಕೆ ಹೊರಟು ಭೀಮೆಯನ್ನು ದಾಟಿ ನಡೆದರೆ, ಜೋಳದ ಹೊಲಗಳ ಬಯಲು ಮುಗಿಯುವಲ್ಲಿ ಬೋಳು ಬಂಡೆಗಳ ಗುಡ್ಡದ ಸಾಲು ಕಣ್ಣಿಗೆ ಬೀಳುತ್ತದೆ. ಅದೇ ಬೇಡ ನಾಯಕರ ಸುರಪುರ. ಈ ನಾಯಕರು ಸಾಮಾನ್ಯ ಪಾಳೆಯಗಾರರಲ್ಲ. 1705ರಲ್ಲಿ ಔರಂಗಜೇಬ ಬಾದಶಹನು ಮುದಿವಯಸ್ಸಿನಲ್ಲಿ ಖುದ್ದಾಗಿ ಬಂದು ಇವರ ವಾಗಣಗೇರಾ ಕೋಟೆಯನ್ನು ಮುತ್ತಬೇಕಾಯಿತು. ಕೋಟೆ ಬಿದ್ದಿತೇ ಹೊರತು ನಾಯಕರು ಸಿಕ್ಕಲಿಲ್ಲ. ಸಾವಿರಾರು ಬೇಡರು ಒಡೆಯನ ಒಂದು ಕೂಗಿಗೆ ಆಯುಧ ಹಿಡಿದು ಬರುವವರು. ಬೇಟೆಯಲ್ಲಿ ನಿಪುಣರು, ಕೊಟ್ಟ ಮಾತಿಗೆ ಪ್ರಾಣ ಕೊಡುವವರು. ಆದರೆ ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಸಂಸ್ಥಾನವು ನಿಜಾಮರಿಗೆ ಸಲ್ಲಿಸಬೇಕಾದ ಪೊಗದಿಯ ಬಾಕಿಯಿಂದಲೂ ಸಾಹುಕಾರರ ಸಾಲದಿಂದಲೂ ಕುಗ್ಗಿಹೋಗಿತ್ತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗನಾದ ವೆಂಕಟಪ್ಪನು ಏಳೆಂಟು ವರ್ಷದ ಕೂಸು. ರಾಣಿ ಈಶ್ವರಮ್ಮನು ಒಂದು ಕಡೆ, ಮೃತ ರಾಜನ ತಮ್ಮ ಪಿಡ್ಡ ನಾಯಕನು ಇನ್ನೊಂದು ಕಡೆ. ಇಬ್ಬರ ಹಿಂದೆಯೂ ಆಯುಧಪಾಣಿಗಳಾದ ಜನ. ಇಂಥ ಸಮಯದಲ್ಲಿ ಹೈದರಾಬಾದಿನ ರೆಸಿಡೆಂಟರಾದ ಜನರಲ್ ಫ್ರೇಸರ್ ಅವರು ಟೇಲರರನ್ನು ಸುರಪುರಕ್ಕೆ ಕಳುಹಿಸಿದರು. ಪಿಡ್ಡ ನಾಯಕನು ಬಾಲರಾಜನ ಪರವಾಗಿ ಆಡಳಿತ ನೋಡಬೇಕೆಂದೂ ಟೇಲರರು ಪೊಲಿಟಿಕಲ್ ಏಜೆಂಟರಾಗಿ ಮೇಲ್ವಿಚಾರಣೆ ನಡಿಸಬೇಕೆಂದೂ ಏರ್ಪಾಡಾಯಿತು.

ರಾಣಿಯು ಬುದ್ಧಿವಂತೆ, ಹಟವಾದಿ. ಗಂಡನ ಗಾದಿಯ ಮೇಲೆ ಪರದೇಶದವನೊಬ್ಬನು ಕಣ್ಣಿಟ್ಟು ಕುಳಿತಿರುವುದನ್ನು ಆಕೆ ಸಹಿಸಲಿಲ್ಲ. ಟೇಲರರು ತಮ್ಮ ಆತ್ಮಚರಿತ್ರೆಯಲ್ಲಿ ಆಕೆಯ ವಿಷಯವಾಗಿ ಕಠಿಣವಾಗಿಯೇ ಬರೆದಿರುವರು. ಆದರೆ ವಿಧವೆಯಾದ ತಾಯಿಯು ಮಗನ ರಾಜ್ಯವನ್ನು ತನ್ನ ಕೈಯಲ್ಲಿರಿಸಿಕೊಳ್ಳಲು ಮಾಡಿದ ಪ್ರಯತ್ನವನ್ನು ಆಕೆಯ ಕಡೆಯಿಂದ ಬರೆದವರು ಯಾರೂ ಇಲ್ಲ. ಆದುದರಿಂದ ನಾವು ಒಂದೇ ಕಡೆಯ ಮಾತನ್ನು ಕೇಳಿ ತೀರ್ಪು ಹೇಳುವುದು ನ್ಯಾಯವಾಗಲಾರದು.

ಸುರಪುರದಲ್ಲಿ ಟೇಲರರು ಹತ್ತು ವರ್ಷಗಳಿಗೂ ಮೇಲ್ಪಟ್ಟು ಇದ್ದರು. ಊರಿನ ಮೇಲಣ ಗುಡ್ಡದ ಮೇಲೆ ತಮಗಾಗಿ ಒಂದು ಮನೆಯನ್ನು ಕಟ್ಟಿಸಿದರು. ಅದು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಅಲ್ಲಿಂದ ನೋಡಿದರೆ ಕೆಳಗೆ ಊರಿನ ಮಾಳಿಗೆಮನೆಗಳು, ಆಚೆಗೆ ಬಂಡೆಗಳ ನಡುನಡುವೆ ಹುಣಿಸೆ ಬೇವುಗಳ ಹಸುರು, ಇನ್ನೂ ಆಚೆಗೆ ಕಣ್ಣು ಹರಿಯುವಷ್ಟು ದೂರ ಬಯಲು. ಮೃಗಶಿರದ ಮಳೆ ಬಿದ್ದ ಮೇಲೆ ಆ ಬಯಲು ಹಸುರೇರುವುದನ್ನೂ, ಹಿಂಗಾರಿ ಜೋಳವು ತೆನೆಗಟ್ಟುವುದನ್ನೂ, ಬೇಸಗೆಯಲ್ಲಿ ಕರಿಮಣ್ಣು ಅಂಗೈಯಗಲ ಬಿರಿಯುವುದನ್ನೂ ಅವರು ವರ್ಷವರ್ಷವೂ ಕಂಡರು. ಇಂಗ್ಲೆಂಡಿನ ಹಳ್ಳಿಯ ತೊರೆಯು ಇಲ್ಲಿರಲಿಲ್ಲ. ಅದರ ಬದಲಾಗಿ ಸಮೀಪದಲ್ಲಿಯೇ ಬೋನಾಳ ಗ್ರಾಮದ ದೊಡ್ಡ ಕೆರೆಯಿದ್ದಿತು. ನಾಯಕರ ಕಾಲದ ಆ ಕೆರೆಯು ಟೇಲರರಿಗೆ ಬಹು ಪ್ರಿಯವಾದ ಸ್ಥಳವಾಗಿತ್ತು. ಅದರ ಅಭಿವೃದ್ಧಿಯ ಕೆಲಸದಲ್ಲಿಯೂ ಅವರ ಹೆಸರು ಸೇರಿಕೊಂಡಿದೆ. ಚಳಿಗಾಲದಲ್ಲಿ ದೂರದೇಶಗಳಿಂದ ನೀರುಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುವ ಆ ಕೆರೆಯು ಈಗ ಪಕ್ಷಿಧಾಮವೆಂದು ಹೆಸರಾಗಿದೆ.

ದಿನಚರಿಯು ಸರಳವಾಗಿತ್ತು. ಕಚೇರಿಯಲ್ಲಿ ಫಿರ್ಯಾದಿಗಳನ್ನು ಕೇಳುವುದು ಮುಖ್ಯ ಕೆಲಸ. ಹೊಲದ ಬದುವಿನ ತಕರಾರು, ಇನಾಮಿನ ಜಗಳ, ಸಾಲದ ಕಾಗದ, ಕಳುವಾದ ಎತ್ತು, ಎರಡು ಊರುಗಳ ನಡುವಿನ ಎಲ್ಲೆಕಟ್ಟು. ಇವುಗಳಲ್ಲಿ ಯಾವುದೂ ಇತಿಹಾಸದ ಪುಟಗಳಲ್ಲಿ ಬರತಕ್ಕುದಲ್ಲ. ಆದರೆ ಹಳ್ಳಿಯವನ ಸುಖದುಃಖವೆಲ್ಲಾ ಇವುಗಳಲ್ಲಿಯೇ ಇದೆ. ದೊರೆಯ ಬಾಗಿಲು ಬಡವನಿಗೂ ತೆರೆದಿದೆಯೆಂಬ ನಂಬಿಕೆಯನ್ನು ಟೇಲರರು ಹುಟ್ಟಿಸಿದರು. ಚಳಿಗಾಲ ಬಂದಿತೆಂದರೆ ಡೇರೆಗಳನ್ನು ಹೇರಿಕೊಂಡು ಸಂಸ್ಥಾನದ ಹಳ್ಳಿಗಳ ಮೇಲೆ ಸಂಚಾರ. ಅಗಸಿಯ ಬಾಗಿಲು, ಹುಡೇವು, ಹನುಮಪ್ಪನ ಗುಡಿ, ಬೇವಿನ ಕಟ್ಟೆ, ಕಟ್ಟೆಯ ಮೇಲೆ ಗೌಡ ಕುಲಕರ್ಣಿ ತಳವಾರರ ಕೂಟ; ಕಡೇಚೂರಿನವರಿಗೂ ಈ ಚಿತ್ರವನ್ನು ವಿವರಿಸಬೇಕಾದುದಿಲ್ಲ. ಇಂಗ್ಲೆಂಡಿನ ಹಳ್ಳಿಯಲ್ಲಿ ಹುಲ್ಲುಬಯಲೂ ದೇವಾಲಯವೂ ಹೇಗೋ ನಮ್ಮಲ್ಲಿ ಕಟ್ಟೆಯೂ ಅಗಸಿಯೂ ಹಾಗೆ. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸುವುದು, ಎಳ್ಳಮಾವಾಸ್ಯೆಯಲ್ಲಿ ಹೊಲಕ್ಕೆ ಚರಗ ಚೆಲ್ಲಿ ಮನೆಮಂದಿಯೆಲ್ಲಾ ಅಲ್ಲಿಯೇ ಉಣ್ಣುವುದು, ಮೊಹರಮ್ಮಿನಲ್ಲಿ ಹಿಂದುಗಳೂ ಕೂಡಿ ಅಲಾವಿಯ ಸುತ್ತ ಕುಣಿಯುವುದು, ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಎರಡು ಮತದವರೂ ನಡೆಯುವುದು. ಈ ಸೀಮೆಯ ಬಾಳಿಗೆ ಇವೇ ತಿಂಗಳುಗಳ ಲೆಕ್ಕ. ಟೇಲರರ ಮುಂದಿನ ಕಾದಂಬರಿಗಳಲ್ಲಿ ಹಳ್ಳಿಯ ಬಾಳು ಸಜೀವವಾಗಿ ಕಾಣುವುದು ಈ ಸಂಚಾರಗಳ ಫಲವೇ ಸರಿ.

ಜನರು ಅವರನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರಂತೆ. ಈ ಹೆಸರು ಅವರಿಗೆ ಬಿರುದುಗಳಿಗಿಂತ ಹೆಚ್ಚು ಸಂತೋಷವನ್ನು ಕೊಟ್ಟಿದ್ದರೆ ಆಶ್ಚರ್ಯವಿಲ್ಲ.

ಆದರೆ ಗುಡ್ಡದ ಮೇಲಿನ ಮನೆಯಲ್ಲಿ ಸುಖವು ಪೂರ್ಣವಾಗಿರಲಿಲ್ಲ. 1844ರಲ್ಲಿ ಪತ್ನಿಯಾದ ಮೇರಿಯು ತೀರಿಕೊಂಡಳು. ಹೆಣ್ಣುಮಕ್ಕಳು ಸಮುದ್ರದಾಚೆ ಬಂಧುಗಳ ಬಳಿಯಲ್ಲಿ ಬೆಳೆಯುತ್ತಿದ್ದರು. ಪತ್ರವೊಂದು ಹೋಗಿ ಮುಟ್ಟಲು ವಾರಗಳು ಬೇಕಾಗುತ್ತಿದ್ದ ಕಾಲವದು. ಟೇಲರರು ಮತ್ತೆ ಮದುವೆಯಾಗಲಿಲ್ಲ. ರಾತ್ರಿಯ ಒಂಟಿತನವನ್ನು ಓದಿನಿಂದಲೂ ಬರಹದಿಂದಲೂ ಕಳೆದರು. ಹಗಲು ವಿರಾಮ ದೊರೆತಾಗ ಬಣ್ಣದ ಪೆಟ್ಟಿಗೆಯನ್ನು ತೆಗೆದುಕೊಂಡು ಬಂಡೆಗಳನ್ನೂ ಗುಡಿಗಳನ್ನೂ ಬರೆದರು.

ಈ ವಿರಾಮದ ಕಾಲದಲ್ಲಿಯೇ ಅವರಿಗೆ ಇನ್ನೊಂದು ಹವ್ಯಾಸ ಹತ್ತಿತು. ರಾಜನಕೋಳೂರಿನ ಬಳಿ ದೊಡ್ಡ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಮುಚ್ಚಿದ ಕಲ್ಲಿನ ಗೂಡುಗಳಿವೆ. ಜನರು ಅವುಗಳನ್ನು ಮೋರಿಯರ ಮನೆಗಳೆನ್ನುತ್ತಾರೆ. ಹಿಂದೆ ಗಿಡ್ಡ ಜಾತಿಯ ಮನುಷ್ಯರು ಅವುಗಳಲ್ಲಿ ವಾಸಮಾಡುತ್ತಿದ್ದರೆಂಬುದು ಅಜ್ಜಿಯರ ಕತೆ. ದನಗಾಯುವ ಹುಡುಗರು ಮಳೆಗೆ ನಿಲ್ಲುವುದಕ್ಕೆ ಬಿಟ್ಟರೆ ಬೇರೆ ಯಾರಿಗೂ ಅವು ಬೇಕಾಗಿರಲಿಲ್ಲ. ಟೇಲರರು ಅವುಗಳನ್ನು ಕಂಡೊಡನೆ ಬ್ರಿಟನಿನ ಬಯಲುಗಳಲ್ಲಿ ನಿಂತಿರುವ ಅಂಥವೇ ಕಲ್ಲುಗಳನ್ನು ನೆನೆದು ಬೆರಗಾದರು. ಒಂದೊಂದನ್ನೂ ಅಳೆದು ನಕ್ಷೆ ಬರೆದರು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ದುಂಡುಗಲ್ಲುಗಳನ್ನು ಸಮದೂರದಲ್ಲಿ ಸಾಲುಸಾಲಾಗಿ ಇಟ್ಟಿರುವುದನ್ನು ಎಣಿಸಿದರು. ಜೇವರ್ಗಿಯ ಸಮೀಪದ ಕಲ್ಲುಗುಪ್ಪೆಗಳನ್ನು ಅಗಿಸಿ ಒಳಗಿನ ಎಲುಬುಗಳನ್ನೂ ಮಣ್ಣಿನ ಪಾತ್ರೆಗಳನ್ನೂ ಕಬ್ಬಿಣದ ಆಯುಧಗಳನ್ನೂ ಯಾವ ಪದರದಲ್ಲಿ ಯಾವುದು ದೊರೆಯಿತೆಂಬುದರೊಡನೆ ಬರೆದಿಟ್ಟರು. ಅಗೆತವೆಂದರೆ ನಿಧಿ ಹುಡುಕುವುದೆಂದೇ ತಿಳಿಯುತ್ತಿದ್ದ ಕಾಲದಲ್ಲಿ ಪದರಗಳ ನಕ್ಷೆ ಬರೆದುದು ದೊಡ್ಡ ಮಾತು. ಈ ವಿಷಯವಾಗಿ ಅವರ ಲೇಖನಗಳು 1850ರ ದಶಕದಲ್ಲಿ ಮುಂಬಯಿಯ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ ಆ ಮೇಲೆ ಐರ್ಲೆಂಡಿನಲ್ಲಿಯೂ ಪ್ರಕಟವಾದವು. ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯವರು 1941ರಲ್ಲಿ ಅವುಗಳನ್ನು ಒಟ್ಟುಗೂಡಿಸಿ ಗ್ರಂಥರೂಪವಾಗಿ ತಂದರು. ಈ ಕಲ್ಲುಗಳನ್ನು ಮಧ್ಯ ಏಶಿಯದಿಂದ ಬಂದ ಶಕರು ಕಟ್ಟಿದರೆಂದು ಟೇಲರರು ಊಹಿಸಿದ್ದರು. ಆ ಊಹೆಯು ಈಗ ಬಿದ್ದುಹೋಗಿದೆ. ಇವು ಕಬ್ಬಿಣಯುಗದ ದಕ್ಷಿಣದೇಶದ ಜನರೇ ತಮ್ಮ ಮೃತರಿಗಾಗಿ ನಿಲ್ಲಿಸಿದವೆಂದು ವಿದ್ವಾಂಸರು ಹೇಳುತ್ತಾರೆ. ವಿಭೂತಿಹಳ್ಳಿಯ ಸಾಲುಗಳಿಗೂ ಸೂರ್ಯನ ಉದಯಾಸ್ತಗಳಿಗೂ ಸಂಬಂಧವಿರಬಹುದೆಂದು ಈಚೆಗೆ ಕೆಲವರು ಪರೀಕ್ಷಿಸಿರುವರು. ಊಹೆ ಹೋದರೂ ಅಳತೆ ಉಳಿಯಿತು.

ಬಾಲರಾಜನಾದ ವೆಂಕಟಪ್ಪ ನಾಯಕನು ಈ ವರ್ಷಗಳಲ್ಲಿ ಟೇಲರರ ಕಣ್ಣಮುಂದೆಯೇ ಬೆಳೆದನು. ತಂದೆಯಿಲ್ಲದ ಆ ಹುಡುಗನು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಮಕ್ಕಳನ್ನು ದೂರ ಬಿಟ್ಟಿದ್ದ ಟೇಲರರಿಗೂ ಅವನಲ್ಲಿ ಮಗನ ಮಮತೆ ಹುಟ್ಟಿತು. ಓದುಬರಹ ಕಲಿಸುವುದರ ಕಡೆಗೂ ರಾಜಕಾರ್ಯ ತಿಳಿಸುವುದರ ಕಡೆಗೂ ಅವರು ಲಕ್ಷ್ಯವಿಟ್ಟರು. ಸಂಸ್ಥಾನದ ಲೆಕ್ಕಗಳನ್ನು ಒಪ್ಪಮಾಡಿ, ದಾರಿಗಳನ್ನು ಸರಿಮಾಡಿಸಿ, ರಾಜನು ಪ್ರಾಪ್ತವಯಸ್ಕನಾದೊಡನೆ 1853ರಲ್ಲಿ ರಾಜ್ಯವನ್ನು ಅವನ ಕೈಗೆ ಒಪ್ಪಿಸಿದರು. ಈ ಹುಡುಗನ ಜಾತಕದಲ್ಲಿ ಒಂದು ಕೆಟ್ಟ ಯೋಗವಿತ್ತಂತೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಳ್ಳುವನೆಂದು ಜೋಯಿಸರು ಹೇಳಿದ್ದರು. ರಾಣಿಗೂ ಅದು ತಿಳಿದಿತ್ತು, ಟೇಲರರಿಗೂ ತಿಳಿದಿತ್ತು. ಇಂಥ ಭವಿಷ್ಯವನ್ನು ತಾಯಿಯ ಮುಂದೆ ಹೇಳಿ ಮನೆಮಂದಿಯ ನೆಮ್ಮದಿಯನ್ನು ಕೆಡಿಸುವುದು ಎಂಥ ವಿದ್ಯೆಯೋ ನಾವರಿಯೆವು. ಟೇಲರರೂ ಅದನ್ನು ನಂಬಿದವರಲ್ಲ. ಆದರೂ ಮರೆಯಲಾರದೆ ಹೋದರು.

1853ರಲ್ಲಿ ನಿಜಾಮರು ವರ್ಹಾಡ, ರಾಯಚೂರು ಮುಂತಾದ ಸೀಮೆಗಳನ್ನು ಕಂಪೆನಿಯ ಆಡಳಿತಕ್ಕೆ ಒಪ್ಪಿಸಿಕೊಟ್ಟರು. ಟೇಲರರಿಗೆ ನಳದುರ್ಗದ ಜಿಲ್ಲೆ ದೊರಕಿತು. ಅಲ್ಲಿ ನಾಲ್ಕು ವರ್ಷ ಭೂಮಿಯ ಮೋಜಣಿ, ದಾರಿ, ಕೆರೆ, ದಾರಿಯ ಬದಿಗೆ ಸಾಲುಮರ ಇವುಗಳಲ್ಲಿಯೇ ಕಳೆದುವು. 1857ರ ದಂಗೆಯು ಎದ್ದಾಗ ಅವರನ್ನು ವರ್ಹಾಡದ ಬುಲಢಾಣೆಗೆ ಕಳುಹಿಸಲಾಯಿತು. ಸಂಗಡ ಸೈನ್ಯವಿರಲಿಲ್ಲ, ಜನರ ವಿಶ್ವಾಸದ ಬಲದಿಂದಲೇ ಜಿಲ್ಲೆಯನ್ನು ಶಾಂತವಾಗಿರಿಸಿದರು.

ಆದರೆ ಸುರಪುರವು ಶಾಂತವಾಗಿರಲಿಲ್ಲ. ಉತ್ತರದ ಸುದ್ದಿಗಳು ಒಂದೊಂದಾಗಿ ಬರುತ್ತಿರಲು ಯುವಕ ರಾಜನ ಸುತ್ತಲೂ ಬೇಡರ ಪಡೆ ಕೂಡಿತು; ಹೊರಗಿನ ಅರಬರೂ ರೋಹಿಲರೂ ಬಂದು ಸೇರಿದರು. 1858ನೆಯ ಫೆಬ್ರವರಿಯಲ್ಲಿ ಸುರಪುರದ ಬಳಿ ಇಳಿದಿದ್ದ ಇಂಗ್ಲೀಷ ದಂಡಿನ ಮೇಲೆ ರಾತ್ರಿಯಲ್ಲಿ ಆಕ್ರಮಣವಾಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿಯು ಮಡಿದನು. ಹೆಚ್ಚಿನ ಸೈನ್ಯಗಳು ಬರುವುದನ್ನು ತಿಳಿದು ರಾಜನು ಹೈದರಾಬಾದಿಗೆ ಓಡಿಹೋದನು. ಅಲ್ಲಿ ಹಿಡಿಯಲ್ಪಟ್ಟು ಸಾಲಾರ್ ಜಂಗರ ಮೂಲಕ ರೆಸಿಡೆಂಟರ ವಶವಾದನು. ಸುರಪುರವು ಇಂಗ್ಲೀಷರ ಕೈಗೆ ಬಂದಿತು.

ಬಂದೀಖಾನೆಯಲ್ಲಿ ರಾಜನನ್ನು ಮಾತನಾಡಿಸಲು ಟೇಲರರಿಗೆ ಅಪ್ಪಣೆಯಾಯಿತು. ಐದು ವರ್ಷಗಳ ಹಿಂದೆ ಗಾದಿಯ ಮೇಲೆ ಕುಳ್ಳಿರಿಸಿ ಬಂದ ಹುಡುಗನನ್ನು ಅವರು ಬೇಡಿಗಳಲ್ಲಿ ಕಂಡರು. ಅವನು ಅಪ್ಪಾ ಎಂದು ಅವರನ್ನು ಅಪ್ಪಿಕೊಂಡು ಅತ್ತನೆಂದು ಟೇಲರರ ಬರಹದಿಂದ ತಿಳಿಯುತ್ತದೆ. ಯಾರ ಪ್ರೇರಣೆಯಿಂದ ಎದ್ದೆಯೆಂಬುದನ್ನು ತಿಳಿಸಿದರೆ ರೆಸಿಡೆಂಟರ ದಯೆ ದೊರೆಯಬಹುದೆಂದು ಸೂಚಿಸಿದರೂ, ನಂಬಿದವರ ಹೆಸರನ್ನು ಹೇಳಿ ಪ್ರಾಣ ಉಳಿಸಿಕೊಳ್ಳಲು ಅವನು ಒಪ್ಪಲಿಲ್ಲ. ಸಾಯುವುದಾದರೆ ಕಳ್ಳನಂತೆ ನೇಣಿನಲ್ಲಿ ತೂಗದೆ ತೋಪಿನ ಬಾಯಿಯಲ್ಲಿ ಸಾಯುವಂತೆ ಮಾಡಬೇಕೆಂದು ಮಾತ್ರ ಬೇಡಿಕೊಂಡನು. ಟೇಲರರು ಇದನ್ನೆಲ್ಲಾ ಮರೆಮಾಚದೆ ಬರೆದಿಟ್ಟುದು ಅವರ ಗುಣವನ್ನು ತೋರಿಸುತ್ತದೆ. ತಮ್ಮ ಸರಕಾರದ ವೈರಿಯೆಂದು ತೀರ್ಪಾದವನ ಕುಲೀನತೆಯನ್ನು ಅವರು ಮುಚ್ಚಲಿಲ್ಲ. ಆದರೂ ತಾವು ಯಾವ ಅಧಿಕಾರದ ಕೈಯಾಗಿ ಆ ಮನೆಯೊಳಗೆ ಹೊಕ್ಕಿದ್ದರೋ ಆ ಅಧಿಕಾರವೇ ಆ ಮನೆಯನ್ನು ಮುರಿಯಿತೆಂಬ ವಿಚಾರವನ್ನು ಅವರು ಎಲ್ಲಿಯೂ ಕೊನೆಯ ವರೆಗೆ ಹಿಂಬಾಲಿಸಿದಂತೆ ತೋರುವುದಿಲ್ಲ. ರಾಜನು ದುರ್ಬೋಧನೆಗೆ ಒಳಗಾದನೆಂಬಲ್ಲಿಗೆ ಅವರ ವಿಚಾರ ನಿಲ್ಲುತ್ತದೆ. ಪ್ರೀತಿಯಿಂದ ಬೆಳೆಸಿದವನಿಗೆ ಮಗನಲ್ಲಿ ತಪ್ಪು ಕಂಡರೂ ಸ್ವಾತಂತ್ರ್ಯದ ಇಚ್ಛೆ ಕಾಣದೆ ಹೋಯಿತೇನೋ.

ರಾಜನಿಗೆ ಮೊದಲು ಮರಣದಂಡನೆಯಾಗಿ, ಅದು ಗಡೀಪಾರಿನ ಶಿಕ್ಷೆಯಾಗಿ ಇಳಿದು, ಕೊನೆಗೆ ಗವರ್ನರ್ ಜನರಲ್ಲರ ಅಪ್ಪಣೆಯಿಂದ ಮದರಾಸಿನ ಕಡೆಯ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯಾಯಿತು. ನಡತೆ ನೆಟ್ಟಗಿದ್ದರೆ ರಾಜ್ಯವು ತಿರುಗಿ ದೊರೆಯುವ ಆಶೆಯೂ ಇದ್ದಿತು. ಈ ವರ್ತಮಾನವು ಸುರಪುರದ ಅರಮನೆಯಲ್ಲಿ ಸಂತೋಷವನ್ನು ತಂದಿತು. ಜಾತಕವು ಸುಳ್ಳಾಯಿತೆಂದು ಎಲ್ಲರೂ ನಂಬಿದರು. ಆದರೆ ಹೈದರಾಬಾದು ಬಿಟ್ಟ ಮೊದಲನೆಯ ಬಿಡಾರದಲ್ಲಿಯೇ ರಾಜನು ಗುಂಡಿನಿಂದ ಸತ್ತನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಸುಟ್ಟುಕೊಂಡನೆಂಬುದು ಸರಕಾರದ ಹೇಳಿಕೆ. ಟೇಲರರೂ ಹಾಗೆಯೇ ಬರೆದಿರುವರು. ಅವನನ್ನು ಕೊಂದರೆಂಬ ಸಂಶಯವು ಸುರಪುರ ಸೀಮೆಯಲ್ಲಿ ಇಂದಿಗೂ ಹೋಗಿಲ್ಲ. ಅದು 1858ನೆಯ ಮೇ ತಿಂಗಳು. ಅವನಿಗೆ ನಡೆಯುತ್ತಿದ್ದುದು ಇಪ್ಪತ್ತನಾಲ್ಕನೆಯ ವರ್ಷ. ನಾಲ್ವಡಿ ವೆಂಕಟಪ್ಪ ನಾಯಕನೆಂದು ಕನ್ನಡ ನಾಡು ಅವನನ್ನು ಸ್ವಾತಂತ್ರ್ಯವೀರರ ಸಾಲಿನಲ್ಲಿ ಇರಿಸಿ ಗೌರವಿಸುತ್ತದೆ. ಸುರಪುರದ ಒಂದೇ ಗುಡ್ಡದ ಮೇಲೆ ಅವನ ಹೆಸರೂ ಟೇಲರರ ಹೆಸರೂ ಕೂಡಿ ಉಳಿದಿವೆ. ಹಳ್ಳಿಯ ಮುದುಕರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲರು. ಇತಿಹಾಸದ ಪಂಡಿತರಿಗೆ ಅದು ಅಷ್ಟು ಸುಲಭವಲ್ಲ.

ರಾಜನಿಲ್ಲದ ಸುರಪುರಕ್ಕೆ ಆಡಳಿತಾಧಿಕಾರಿಯಾಗಿ ಬಂದವರು ಟೇಲರರೇ. ಮತ್ತೆ ಅದೇ ಗುಡ್ಡ, ಅದೇ ಕೆರೆ, ಅದೇ ಜನ. ಅರಮನೆಯು ಮಾತ್ರ ಬರಿದು. ಎರಡು ವರ್ಷ ಅಲ್ಲಿ ಕೆಲಸಮಾಡಿದರು. ದೇಹವು ತೀರ ಕುಗ್ಗಿದ್ದಿತು. 1840ರಲ್ಲಿ ಬಂದವರು ಇಪ್ಪತ್ತು ವರ್ಷ ತಾಯ್ನಾಡಿನ ಮುಖವನ್ನು ನೋಡಿರಲಿಲ್ಲ. 1860ರಲ್ಲಿ ಸುರಪುರವನ್ನು ಬಿಟ್ಟರು. ಅದೇ ವರ್ಷದ ಒಡಂಬಡಿಕೆಯಿಂದ ಸಂಸ್ಥಾನವು ನಿಜಾಮರ ರಾಜ್ಯಕ್ಕೆ ಸೇರಿಹೋಯಿತು.

ಐರ್ಲೆಂಡಿನ ಡಬ್ಲಿನ್ ಪಟ್ಟಣದ ಬಳಿ ಹೆರಲ್ಡ್ಸ್ ಕ್ರಾಸ್ ಎಂಬಲ್ಲಿ ನೆಲೆಸಿದ ಟೇಲರರು ಆಗ ಬೇಕಾದರೆ ಹಸುರು ಬಯಲಿನ ಹಳ್ಳಿಗಳನ್ನೇ ವರ್ಣಿಸಬಹುದಾಗಿತ್ತು. ಅವರು ಬರೆದುದು ತುಳಜಾಪುರವನ್ನೂ ಬಿಜಾಪುರವನ್ನೂ ಕೃಷ್ಣೆಯ ಜಲದುರ್ಗವನ್ನೂ. ನಮ್ಮ ಓದುಗರು ವಿಶೇಷವಾಗಿ ಲಕ್ಷಿಸಬೇಕಾದುದೇನೆಂದರೆ, ಆ ಕಾದಂಬರಿಗಳಲ್ಲಿ ಮುಖ್ಯ ಪಾತ್ರಗಳು ಹೆಂಗಸರೇ. 1863ರ ತಾರಾ ಎಂಬ ಕಾದಂಬರಿಯ ನಾಯಿಕೆಯು ತುಳಜಾಪುರದ ಬ್ರಾಹ್ಮಣ ಶಾಸ್ತ್ರಿಯ ಮಗಳು, ಎಳೆವಯಸ್ಸಿನ ವಿಧವೆ. 1872ರ ಸೀತಾ ಎಂಬುದರಲ್ಲಿ ಹಿಂದೂ ವಿಧವೆಯೊಬ್ಬಳು ಇಂಗ್ಲೀಷ ಅಧಿಕಾರಿಯ ಕೈಹಿಡಿಯುತ್ತಾಳೆ; 1857ರ ಕಹಿ ಇನ್ನೂ ಆರದಿದ್ದಾಗ ಇಂಥ ಕತೆಯನ್ನು ಬರೆಯಲು ಧೈರ್ಯ ಬೇಕಾಗಿತ್ತು. ಕೊನೆಯದು ಬಿಜಾಪುರದ ಚಾಂದಬೀ ಸುಲ್ತಾನೆಯ ಕತೆ. ಈ ಹೆಂಗಸರು ಅಬಲೆಯರಲ್ಲ. ಯೋಚಿಸುತ್ತಾರೆ, ನಿರ್ಣಯಿಸುತ್ತಾರೆ, ಅದರ ಫಲವನ್ನು ಹೊರುತ್ತಾರೆ. ಟೇಲರರ ಶೈಲಿಯು ಇಂದಿನ ಓದುಗರಿಗೆ ಸ್ವಲ್ಪ ದೀರ್ಘವೆನಿಸಬಹುದು. ಗುಡ್ಡಗಳ ವರ್ಣನೆ ಬಂದಲ್ಲಿ ಲೇಖನಿ ನಿಲ್ಲುವುದೇ ಇಲ್ಲ. ಇದಲ್ಲದೆ ವಿದ್ಯಾರ್ಥಿಗಳಿಗಾಗಿ ಹಿಂದುಸ್ಥಾನದ ಇತಿಹಾಸವೊಂದನ್ನು 1870ರಲ್ಲಿ ಬರೆದರು. ಬಿಜಾಪುರ, ಧಾರವಾಡ, ಮೈಸೂರು ಸೀಮೆಗಳ ಕಟ್ಟಡಗಳನ್ನು ಕುರಿತು 1866ರಲ್ಲಿ ಹೊರಬಂದ ದೊಡ್ಡ ಚಿತ್ರಗ್ರಂಥಗಳಿಗೆ ಚರಿತ್ರೆಯ ಭಾಗವನ್ನು ಬರೆದುಕೊಟ್ಟರು. ಸರಕಾರವು 1869ರಲ್ಲಿ ಸಿ.ಎಸ್.ಐ. ಎಂಬ ಬಿರುದನ್ನು ಕೊಟ್ಟಿತು. ಬಿರುದು ಬಂದಿತು ತಡವಾಗಿ. ಕರಾರುಬದ್ಧ ನೌಕರರಿಗಿದ್ದ ಸಂಬಳವಂತೂ ಎಂದೂ ಬಂದಿರಲಿಲ್ಲ.

ಕಣ್ಣುಗಳು ದಿನದಿನಕ್ಕೆ ಮಂದವಾಗುತ್ತಾ ಬಂದು 1875ರಲ್ಲಿ ದೃಷ್ಟಿಯು ಪೂರ್ತಿಯಾಗಿ ಹೋಯಿತು. ಆ ಸ್ಥಿತಿಯಲ್ಲಿಯೇ ಹೈದರಾಬಾದಿನ ದಿವಾನರಾದ ಸಾಲಾರ್ ಜಂಗರ ಆಮಂತ್ರಣ ಬಂದಿತು. ಅರುವತ್ತೇಳು ವರ್ಷದ ಕುರುಡ ಮುದುಕರು ಮಗಳ ಕೈಹಿಡಿದು ಮತ್ತೆ ಸಮುದ್ರವನ್ನು ದಾಟಿದರು. ಯೌವನದಲ್ಲಿ ಕಂಡ ದಖ್ಖಣವನ್ನು ಈ ಸಾರಿ ಕಿವಿಯಿಂದ ಮಾತ್ರ ಅರಿಯಬೇಕಾಯಿತು. ಹೈದರಾಬಾದಿನಲ್ಲಿ ಹಳೆಯ ಪರಿಚಯದವರು ಆದರಿಸಿದರು. ಆದರೆ ಜ್ವರವು ಅವರನ್ನು ಹಿಡಿಯಿತು. ತಿರುಗಿ ಹೋಗುವ ದಾರಿಯಲ್ಲಿ ಫ್ರಾನ್ಸ್ ದೇಶದ ಮೆಂಟೋನ್ ಎಂಬ ಕಡಲದಂಡೆಯ ಪಟ್ಟಣದಲ್ಲಿ 1876ನೆಯ ಮೇ 13ರಂದು ತೀರಿಕೊಂಡರು.

ಅವರ ಆತ್ಮಚರಿತ್ರೆಯು ಆಗ ಇನ್ನೂ ಅಚ್ಚಾಗಿರಲಿಲ್ಲ. ತಂದೆಯಿಂದ ದೂರವಾಗಿ ಬಾಲ್ಯವನ್ನು ಕಳೆದ ಮಗಳು ಆಲಿಸಳು ಆ ಹಾಳೆಗಳನ್ನು ಜೋಡಿಸಿ, ತಿದ್ದಿ, 1877ರಲ್ಲಿ ಅಚ್ಚುಹಾಕಿಸಿದಳು. ಸುರಪುರದ ಗುಡ್ಡದ ಮೇಲಿನ ಮನೆಯಲ್ಲಿ ತಂದೆಯು ಹೇಗೆ ದಿನ ಕಳೆದನೆಂಬುದನ್ನು ನಾವು ತಿಳಿಯುವುದು ಆಕೆಯ ಆ ದುಡಿಮೆಯಿಂದಲೇ. ಚಾಂದಬೀಯ ಕಾದಂಬರಿಯು ಮರುವರ್ಷ ಹೊರಬಂದಿತು.